ಮಿನುಗಬಾರದ ಹಲ್ಲು

ಸೂರತ್
೬-೩-೨೦೨೫, ಗುರುವಾರ

ಸುಮಂತನ ಅಪ್ಪನವರಿಗೆ ವಿಮಲೆಯ ನಮಸ್ಕಾರಗಳು.

ಅತ್ತೆಯ ಸೊಂಟ ಹೇಗಿದೆ? ಕೋಲು ಹಿಡಿದು ಜಗಲಿಯವರೆಗೆ ಬಂದರೆಂದು ಮೈದುನ ಹೇಳಿದ. ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ, ತಮ್ಮನ ಮನೆಯ ಉಪ್ಪಿನಕಾಯಿಗೆ ಕೈ ಹಾಕುವ ಮೊದಲು ನನ್ನನ್ನು ನೆನೆಯಿರಿ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ಅರ್ಧ ಕೇಳುವಷ್ಟರಲ್ಲಿ ಕೂಗಲು ತೊಡಗುತ್ತೀರಿ. ಪತ್ರದ ಮುಂದೆ ಎಷ್ಟು ಕೂಗಿದರೂ ಅದು ತನ್ನ ಮುಂದಿನ ಸಾಲನ್ನು ಬಿಡುವುದಿಲ್ಲ.

ನೀವು ಊರಿಗೆ ಹೋದ ಎಂಟನೇ ದಿನ ಪ್ರಶಾಂತ ನಮ್ಮ ಹಲ್ಲಿನ ಲ್ಯಾಬು ಬಿಟ್ಟು ಅಹಮದಾಬಾದಿಗೆ, ಸ್ಯಾಟಲೈಟ್ ಬಡಾವಣೆಯ ದೊಡ್ಡ ಲ್ಯಾಬಿಗೆ ಹೋದದ್ದು ನಿಮಗೆ ಗೊತ್ತು. ನೀವು ಹಲ್ಲು ಕಟ್ಟಲು ಕಲಿಸಿ ಕಳೆದುಕೊಂಡವರಲ್ಲಿ ಇವನು ನಾಲ್ಕನೆಯವನು. ನಮ್ಮದು ಲ್ಯಾಬೋ, ಅಹಮದಾಬಾದಿಗೆ ಹೋಗುವವರ ಬಸ್ ಸ್ಟ್ಯಾಂಡೋ ಎಂದು ನನಗೇ ಸಂಶಯ. ಸುಮಂತ ಕಂಪ್ಯೂಟರಿನಲ್ಲಿ ಹಲ್ಲಿನ ಚಿತ್ರವನ್ನು ಗಿರಗಿರ ತಿರುಗಿಸುತ್ತಾನೆ. ಕುಂಚ ಕೊಟ್ಟು ಪಿಂಗಾಣಿ ಹಚ್ಚು ಎಂದರೆ ಇಡ್ಲಿಗೆ ಚಟ್ನಿ ಸುರಿದ ಹಾಗೆ ಹಚ್ಚುತ್ತಾನೆ. ವಡೋದರದಿಂದ ಡಿಪ್ಲೊಮಾ ಆದವನೊಬ್ಬ ಬಂದ. ಎಸಿ ಇದೆಯೇ, ಶನಿವಾರ ರಜೆಯೇ ಎಂದು ಕೇಳಿದ, ಚಹಾ ಕುಡಿದ, ಹೋದ.

ಆಗ ಕೆಳಗಿನ ಮನೆಯ ರಾಕೇಶಭಾಯಿ ಏನಾದರೂ ಕೆಲಸವಿದೆಯೇ ಎಂದು ಕೇಳಿಕೊಂಡು ಬಂದರು. ಇಪ್ಪತ್ತೆರಡು ವರ್ಷ ವಜ್ರ ಉಜ್ಜಿದ ಕೈ. ದೀಪಾವಳಿಗೆ ಮುಚ್ಚಿದ ಅವರ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಡಿಪ್ಲೊಮಾ ಇಲ್ಲದವರನ್ನು ಒಳಗೆ ಸೇರಿಸಬಾರದೆಂಬ ನಿಮ್ಮ ಮಾತು ಮರೆತಿಲ್ಲ. ಹೊರಗೆ ಕೂರಿಸಲು ಜಾಗವಿರಲಿಲ್ಲ, ಒಳಗೆ ಕೂರಿಸಿದೆ. ಸುಮಂತ ಬಾಯಿಮಾತಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಬೇಗ ಕಲಿತರು. ಆದರೆ ಅವರು ಮಾಡಿದ ಮೊದಲ ಹಲ್ಲು ದೇವಿಯ ಮೂಗುತಿಯಂತೆ ಮಿನುಗಿತು. ಡಾಕ್ಟರ್ ಮೇದಿನಿ ಅದನ್ನು ವಾಪಸು ಕಳಿಸಿ, "ಪೇಶಂಟ್ ನಕ್ಕರೆ ಹಲ್ಲೊಂದೇ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ" ಎಂದರು. ಎರಡನೆಯದೂ ಹಾಗೇ ಬಂತು. ಮೂರನೆಯದೂ ಕೆಟ್ಟರೆ ಇನ್ನು ತಮ್ಮ ಕೆಲಸವೆಲ್ಲ ಬೇರೆ ಲ್ಯಾಬಿಗೆ ಎಂದರು. ನಮ್ಮ ಅರ್ಧ ಕೆಲಸ ಅವರದೇ ಅಲ್ಲವೇ. ರಾಕೇಶಭಾಯಿ ತಲೆ ತಗ್ಗಿಸಿ, "ವಿಮಲಾಬೆನ್, ದೋಷ ತೆಗೆಯಲಿಕ್ಕೆ ಇಪ್ಪತ್ತೆರಡು ವರ್ಷ ಕಲಿತೆ. ಈಗ ದೋಷ ಹಾಕು ಅಂತೀರಿ" ಎಂದರು.

ಈ ಮನುಷ್ಯ ಕಲ್ಲು ನೋಡಿದ್ದಾರೆ, ಬಾಯಿ ನೋಡಿಲ್ಲ ಎಂದು ಆಗ ತಿಳಿಯಿತು. ಬಾಯಿ ತೆರೆದು ಕೂರುವ ಜನ ಎಲ್ಲಿ ಸಿಗುತ್ತಾರೆ ಹೇಳಿ? ನಮ್ಮ ಶನಿವಾರದ ಭಜನೆಗೆ ಕರೆದುಕೊಂಡು ಹೋಗಿ, ಹಾರ್ಮೋನಿಯಂ ಪಕ್ಕ, ಎಲ್ಲರಿಗೂ ಎದುರಾಗಿ ಕೂರಿಸಿದೆ. ಒಂದೂವರೆ ಗಂಟೆ ಕಣ್ಣು ಮಿಟುಕಿಸದೆ ನೋಡಿದರು. "ನಮ್ಮ ಗಂಡಸರು ಎರಡನೇ ಪದಕ್ಕೇ ಆಕಳಿಸ್ತಾರೆ, ಇವರ ಭಕ್ತಿ ನೋಡು ಮಾರಾಯ್ತಿ" ಎಂದು ಭಜನೆ ಹೇಳಿಕೊಡುವ ಪದ್ಮಾ ಕಣ್ಣೊರೆಸಿಕೊಂಡಳು. ಆ ಭಕ್ತರು ಮಾತ್ರ ನನ್ನ ಕಿವಿಯಲ್ಲಿ, "ತಬಲಾದವರ ಕೋರೆಹಲ್ಲು ಬುಡದಲ್ಲಿ ಹಳದಿ, ತುದಿಯಲ್ಲಿ ಬೂದಿ ಬಣ್ಣ" ಎಂದರು. ಮೂರನೇ ಶನಿವಾರ ಮಂಗಳಾರತಿಯ ತಟ್ಟೆಯನ್ನೇ ಅವರ ಕೈಗೆ ಕೊಟ್ಟರು. ದೇವರ ನಾಮಕ್ಕೆ ತೆರೆದ ಬಾಯಲ್ಲಿ ಹಲ್ಲು ನೋಡಿಸಿದ್ದು ನನ್ನ ತಪ್ಪೇ, ತಪ್ಪುಕಾಣಿಕೆ ಎತ್ತಿಟ್ಟಿದ್ದೇನೆ.

ಮೊನ್ನೆ ಮೂರನೇ ಹಲ್ಲು ಡಾಕ್ಟರಿಗೆ ಹೋಯಿತು, ಒಬ್ಬ ಶಾಲಾ ಮೇಷ್ಟರ ಮುಂದಿನ ಹಲ್ಲು. ಸಂಜೆಯವರೆಗೆ ನಾನು ನೀರೂ ಕುಡಿಯಲಿಲ್ಲ. ಡಾಕ್ಟರ್ ಮೇದಿನಿ ನಗುತ್ತಾ ಫೋನ್ ಮಾಡಿದರು. ಹಲ್ಲು ಕೂರಿಸಿ ಹೊರಗೆ ಕಳಿಸಿದರೆ ಮೇಷ್ಟರ ಹೆಂಡತಿ, "ಹೊಸ ಹಲ್ಲು ಯಾವತ್ತು ಹಾಕ್ತೀರಿ?" ಎಂದು ಕೇಳಿದರಂತೆ. ನಿನ್ನೆ ಇನ್ನೂ ಆರು ಹಲ್ಲಿನ ಅಚ್ಚು ಕಳಿಸಿದ್ದಾರೆ.

ಅತ್ತೆಯ ಪಾದಕ್ಕೆ ನನ್ನ ನಮಸ್ಕಾರ ಹೇಳಿ. ಕೃಷ್ಣದೇವರು ನಿಮಗೆ ಆರೋಗ್ಯವನ್ನೂ ಸಮಾಧಾನವನ್ನೂ ಕೊಡಲಿ, ಸಮಾಧಾನವನ್ನು ಸ್ವಲ್ಪ ಹೆಚ್ಚಾಗಿಯೇ ಕೊಡಲಿ.

ನಿಮ್ಮ
ವಿಮಲಾ

ಮರೆತಿದ್ದೆ: ಅಹಮದಾಬಾದು ಸರಿಬಾರದೆ ಪ್ರಶಾಂತ ನಿಮಗೆ ಫೋನ್ ಮಾಡಿದ್ದನಂತೆ, ನೀವು ಮತ್ತೆ ಬಾ ಎಂದಿರಂತೆ. ಜಾಗ ತುಂಬಿದೆ ಎಂದು ನಾನು ಅವನಿಗೆ ಹೇಳಿಬಿಟ್ಟೆ. ಯಜಮಾನರು ಬಂದರೆ ಕೆಲಸ ಹೋದೀತೆಂದು ರಾಕೇಶಭಾಯಿ ಹೆದರಿದ್ದರು. "ನಿಮ್ಮನ್ನು ಖಾಯಂ ಮಾಡಿದವರು ಯಜಮಾನರೇ" ಎಂದು ಅವರಿಗೆ ಹೇಳಿದ್ದೇನೆ. ಹೋಳಿ ಕಳೆದ ಭಾನುವಾರ ಉಪಕಾರ ಹೇಳಲು ನಿಮಗೆ ಫೋನ್ ಮಾಡುತ್ತಾರೆ, ಹೆಂಡತಿ ಮಕ್ಕಳೆಲ್ಲ ಸುತ್ತ ಕೂತು ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ನೀವು ಬರೇ "ಹೂಂ" ಎನ್ನಿ. ಉಳಿದದ್ದನ್ನು ಆಮೇಲೆ ನನ್ನ ಹತ್ತಿರ ಕೂಗಿ.