ತೋಳಪಟ್ಟಿ ಬಿಗಿದಾಗ

೧೪ ಮಾರ್ಚ್

ಪ್ರೀತಿಯ ಮಗಳೇ,

ನಾನು ಚೆನ್ನಾಗಿದ್ದೇನೆ. ಬರೀ ಬಾಯಿಮಾತಲ್ಲ, ಆಸ್ಪತ್ರೆಯವರೇ ಬರೆದು ಕೊಟ್ಟಿದ್ದಾರೆ. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ಕೋಪ ಮಾಡಿಕೊಳ್ಳಬೇಡ.

ಆ ದಿನ ಏನಾಯಿತೆಂದು ಸರಿಯಾಗಿ ಬರೆ ಎಂದಿದ್ದೀಯ. ಅರವತ್ತೈದು ದಾಟಿಯೂ ಕಾಯಿಲೆಯಿಲ್ಲದವರ ಬಿ.ಪಿ. ಹಗಲೂ ರಾತ್ರಿ ಹೇಗೆ ಏರಿಳಿಯುತ್ತದೆಂದು ನೋಡಲು ಆಸ್ಪತ್ರೆಯವರು ಜನ ಹುಡುಕುತ್ತಿದ್ದರು. ನಾನು ಹೆಸರು ಕೊಟ್ಟೆ. ತೋಳಿಗೊಂದು ಪಟ್ಟಿ, ಸೊಂಟಕ್ಕೊಂದು ಪೆಟ್ಟಿಗೆ, ಇಪ್ಪತ್ತನಾಲ್ಕು ಗಂಟೆ ಬಿಚ್ಚುವಂತಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಪಟ್ಟಿ ತಾನಾಗಿಯೇ ಬಿಗಿಯುತ್ತದೆ. ಆಗ ಕೈ ಅಲುಗಿಸಬಾರದು, ಮಾತಾಡಬಾರದು. ನಲವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ, ಅಳತೆ ಕೊಡುವಾಗ ನೆಟ್ಟಗೆ ನಿಲ್ಲಿ ಎಂದು ಊರವರನ್ನೆಲ್ಲ ಗದರಿದವಳು ನಾನು. ನನ್ನ ಅಳತೆ ಕೆಡಲು ಬಿಡುತ್ತೇನೆಯೇ? ನಿಮ್ಮಪ್ಪನಿಗೆ ಇದೊಂದು ತಮಾಷೆ. "ಪುಣ್ಯಾತ್ಮರು, ಇಷ್ಟು ವರ್ಷ ನನ್ನ ಕೈಲಾಗದ್ದನ್ನ ಮಾಡಿದ್ರು, ನಿನ್ನ ಬಾಯಿ ಮುಚ್ಚಿಸಿದ್ರು" ಅಂದರು.

ಬೆಳಿಗ್ಗೆ ಹನ್ನೊಂದಕ್ಕೆ ಅವರು ಮಲಗುವ ಕೋಣೆಯ ಅಟ್ಟದಿಂದ ಸೂಟ್‌ಕೇಸ್ ಇಳಿಸಲು ಹೋದರು. ಅದೇ ಕುಂಟು ಸ್ಟೂಲು. ನಾನು ನಡುಮನೆಯಲ್ಲಿ ಕೂತಿದ್ದೆ. ಬಿದ್ದ ಸದ್ದು ಕೇಳಿ ಓಡಿದೆ. ತಲೆ ಮಂಚದ ಕಬ್ಬಿಣದ ಅಂಚಿಗೆ ಬಡಿದಿತ್ತು, ಮಾತಿರಲಿಲ್ಲ. ಬಿಚ್ಚಲು ಮರೆತ ಪಟ್ಟಿ ಆಂಬುಲೆನ್ಸ್‌ನಲ್ಲೂ ಬಿಗಿಯುತ್ತಲೇ ಇತ್ತು. ಮಾರನೆಯ ದಿನ, ನೀನು ಬಂದು ತಲುಪುವ ಮೊದಲೇ ಹೋಗಿಬಿಟ್ಟರು.

ಒಂದು ಮಾತು ಅಮ್ಮನನ್ನು ಕರೆಯಬಾರದಿತ್ತೇ, ಅಪ್ಪನ ಹಟವೇ ಅಪ್ಪನನ್ನು ತಿಂದುಹಾಕಿತು ಎಂದು ಬರೆದಿದ್ದೀಯ. ಮನೆಗೆ ಬಂದವರೆಲ್ಲ ಅದನ್ನೇ ಅಂದರು. ನಾನೂ ಹೂಂ ಅಂದೆ. ಹೂಂ ಅನ್ನುವುದು ಸುಲಭವಾಗಿತ್ತು.

ನಿನ್ನೆ ವರದಿ ಕೈಗೆ ಬಂತು. ಅವರು ಬೀಳುವವರೆಗಿನ ನನ್ನ ಅಳತೆಗಳೆಲ್ಲ ಸರಿಯಾಗಿವೆಯಂತೆ. ಈ ವಯಸ್ಸಿಗೆ ಇಂಥ ಆರೋಗ್ಯ ಅಪರೂಪ ಎಂದು ಡಾಕ್ಟರಮ್ಮ ಹೊಗಳಿದರು. ನನಗೆ ಅಲ್ಲಿಂದ ಎದ್ದು ಬಂದರೆ ಸಾಕಾಗಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳ ತಲೆ ಸವರಿದ್ದೇನೆಂದು ತಿಳಿ. ನೂರ್ಕಾಲ ಬಾಳು, ಕಂದ.

ನಿನ್ನ
ಅಮ್ಮ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲಾಗದೆ ಇಲ್ಲಿಗೆ ತಳ್ಳಿದ್ದು. ಅಪ್ಪ ಕರೆದಿದ್ದರು. ಎರಡು ಸಲ. "ಒಂಚೂರು ಬಂದು ಸ್ಟೂಲು ಹಿಡ್ಕೋತೀಯಾ?" ಅಂದರು. ಪಟ್ಟಿ ಆಗಷ್ಟೇ ಬಿಗಿಯತೊಡಗಿತ್ತು. ಅರ್ಧ ನಿಮಿಷ ತಾನೇ, ಕಾಯಲಿ ಎಂದುಕೊಂಡು ಬಾಯಿ ಬಿಡದೆ ಕೂತೆ. ಆ ಹನ್ನೊಂದು ಗಂಟೆಯ ಅಳತೆ ನೂರ ಹದಿನೆಂಟು, ಎಪ್ಪತ್ತಾರು. ಎಲ್ಲದರಲ್ಲೂ ಅದೇ ಚೆನ್ನಾಗಿದೆಯಂತೆ. ಇನ್ನು ಮೇಲೆ ಅಪ್ಪನನ್ನು ಹಟಮಾರಿ ಅನ್ನಬೇಡ, ಮಗಳೇ.