ಎರಡನೇ ಮಗ್ಗುಲಿನ ಕೊನೆಯ ಹಾಡು

ಆರ್.ಟಿ. ನಗರ, ಬೆಂಗಳೂರು–೩೨
೧೭ ಅಕ್ಟೋಬರ್ ೧೯೮೪, ಬುಧವಾರ

ಪ್ರೀತಿಯ ನೀಲಕ್ಕನಿಗೆ,

ನಿನ್ನ ತಂಗಿ ರತ್ನವ್ವ ಮಾಡುವ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ. ಗಣೇಶನ ಹಬ್ಬಕ್ಕೆ ಮೊದಲು ಬಂದ ನಿನ್ನ ಕಾಗದಕ್ಕೂ, ದಸರೆಯಲ್ಲಿ ಬಂದ ಇನ್‌ಲ್ಯಾಂಡಿಗೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ಬೈದರೂ ಬೈ, ಈ ಸಲ ನಿನಗೆ ತಿರುಗಿ ಬೈಯಲು ನನ್ನ ಹತ್ತಿರವೂ ಸಾಕಷ್ಟಿದೆ.

ಭಾವನವರ ಮೊಣಕಾಲು ಹೇಗಿದೆ? ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಇಡೀ ದಿನ ನಿಂತು ನಿಂತೇ ಹಾಳಾದ ಕಾಲು ಅದು. ಹುಬ್ಬಳ್ಳಿಗೆ ವರ್ಗವಾಗಿ ಆರು ವರ್ಷವಾಯಿತು, ಅಲ್ಲಾದರೂ ಒಂದು ಕುರ್ಚಿ ಕೊಟ್ಟಿದ್ದಾರೋ ಇಲ್ಲವೋ. ಇಲ್ಲಿ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಬಂದಾಗ ಬೀದಿಯ ಕೊಡಗಳೆಲ್ಲ ನಮ್ಮ ಬಾಗಿಲ ಮುಂದೆಯೇ.

ಮಗಳನ್ನು ಧಾರವಾಡದ ಆಕಾಶವಾಣಿಗೆ ಹಾಡಲು ಕರೆದಿದ್ದಾರೆ, ಕಳಿಸಲೋ ಬೇಡವೋ ಹೇಳು ಎಂದು ಬರೆದಿದ್ದೀಯ. ಈ ಪ್ರಶ್ನೆಯನ್ನು ನನಗೇ ಕೇಳಲು ನಿನಗೆ ಹೇಗೆ ಮನಸ್ಸು ಬಂತು ಎಂದು ಎರಡು ದಿನ ಯೋಚಿಸಿದೆ. ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಹೋದ ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳು.

ನಮ್ಮವರ ವಿದ್ಯುಲ್ಲತಾ ಹುಚ್ಚು ನಿನಗೆ ಗೊತ್ತೇ ಇದೆ. ನನ್ನನ್ನು ನೋಡಲು ಬಂದ ದಿನ ಅವಲಕ್ಕಿ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಆಕೆಯ ಹಾಡುಗಳ ಬಗ್ಗೆಯೇ ಮಾತಾಡಿದ ಗಂಡು ಅವರು. ಈಗ ವಿದ್ಯುಲ್ಲತಾ ಅಭಿಮಾನಿ ಸಂಘದ ಅಧ್ಯಕ್ಷರು. ತಿಂಗಳ ಎರಡನೇ ಭಾನುವಾರ ನಮ್ಮ ಹೊರಗಿನ ಕೋಣೆಯಲ್ಲಿ ಏಳು ಜನ ಸೇರುತ್ತಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಎರಡು ಸಲ ಚಹಾ ನನ್ನ ಪಾಲಿನದು. ಸಾಲದ್ದಕ್ಕೆ ನನ್ನ ಅಕ್ಷರ ದುಂಡಗಿದೆ ಎಂದು ನಡಾವಳಿ ಪುಸ್ತಕವನ್ನೂ ನನ್ನಿಂದಲೇ ಬರೆಸುತ್ತಾರೆ. ಸದಸ್ಯಳಲ್ಲ, ಬರೆಯುವವಳು ಮಾತ್ರ.

ಮೊನ್ನೆ ರೆಕಾರ್ಡ್ ಕಂಪನಿಯವರಿಂದ ಸಂಘಕ್ಕೆ ಕಾಗದ ಬಂದಿತ್ತು. ಆಕೆಯ ಮೊದಲ ಗ್ರಾಮಫೋನ್ ತಟ್ಟೆ ಹೊರಬಂದು ಹತ್ತು ವರ್ಷವಾಯಿತಂತೆ. ಹನ್ನೆರಡು ಹಾಡು ಆರಿಸಿ ಕಳಿಸಿ, ಕ್ಯಾಸೆಟ್ ಮಾಡುತ್ತೇವೆ, ಹಳೆಯ ತಟ್ಟೆಗಳನ್ನು ಇನ್ನು ಅಚ್ಚು ಹಾಕುವುದಿಲ್ಲ ಎಂದು ಬರೆದಿದ್ದರು. ನಮ್ಮವರು ಅದನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಕ್ಯಾಸೆಟ್ ಬಂದ ಮೇಲೆ ಮನೆಯಲ್ಲಿರುವ ತಟ್ಟೆಗಳನ್ನೂ ಪ್ಲೇಯರನ್ನೂ ಯಾರಿಗಾದರೂ ಕೊಟ್ಟು ಟೇಪ್‌ರೆಕಾರ್ಡರ್ ತರುವುದೆಂದು ಆಗಲೇ ತೀರ್ಮಾನಿಸಿದ್ದಾರೆ. ಕ್ಯಾಸೆಟ್ಟಿಗೆ ಹತ್ತಿದ ಹಾಡು ಉಳಿಯಿತು, ಹತ್ತದ್ದು ಹೋಯಿತು. ಅದನ್ನು ಕೇಳಿ ನನಗೆ ಯಾವ ಹಾಡಿನ ಚಿಂತೆ ಹತ್ತಿತು ಎಂದು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

‘ಕಿಟಕಿಯ ಹತ್ತಿರ ಕೂತವಳು.’ ಮೊದಲನೇ ತಟ್ಟೆ, ಎರಡನೇ ಮಗ್ಗುಲಿನ ಕೊನೆಯ ಹಾಡು. ನೆನಪಿದೆಯೋ, ಮರೆತ ಹಾಗೆ ಇದ್ದೀಯೋ?

ನೀನು ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಎಪ್ಪತ್ತನಾಲ್ಕನೇ ಇಸವಿ. ಮುಖ್ಯ ಗಾಯಕಿ ಬರುವ ಮೊದಲು ಯಾರಾದರೂ ಒಬ್ಬ ಹುಡುಗಿ ವಾದ್ಯದ ಜೊತೆ ಹಾಡಿಟ್ಟಿರಬೇಕು. ಟ್ರ್ಯಾಕ್ ಎನ್ನುತ್ತಾರೆ ಅದಕ್ಕೆ. ಆಮೇಲೆ ಆಕೆ ಬಂದು ಅದನ್ನು ಕೇಳಿ ಕಲಿತು ಹಾಡುತ್ತಾಳೆ, ಹುಡುಗಿಯ ಧ್ವನಿಯನ್ನು ಅಳಿಸುತ್ತಾರೆ. ಭಾವನವರ ಪರಿಚಯದ ಸಂಗೀತದ ಮೇಷ್ಟ್ರು ಕರೆದರೆಂದು ನಾನು ಹೋಗಿ ಆರು ಹಾಡಿಗೆ ಟ್ರ್ಯಾಕ್ ಹಾಡಿದೆ. ಐದು ಅಳಿಸಿದರು. ಆರನೆಯದರ ಹೊತ್ತಿಗೆ ಆಕೆಗೆ ಗಂಟಲು ಕಟ್ಟಿತು, ತಟ್ಟೆ ದಸರೆಗೆ ಹೊರಬರಲೇಬೇಕಿತ್ತು. ನನ್ನದನ್ನೇ ಇಟ್ಟರು, ಹೆಸರು ಆಕೆಯದು ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ. ತಟ್ಟೆ ಅಂಗಡಿಗೆ ಬಂದಾಗ ನಮಗೆ ಗೊತ್ತಾಯಿತು.

ನಾನು ಕುಣಿದಾಡುತ್ತಿದ್ದೆ. ನೀನು ಬಾಗಿಲು ಹಾಕಿ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ: “ಮದಿವಿ ಆಗೂ ಹುಡುಗಿ ನೀ. ಸ್ಟುಡಿಯೋದಾಗ ಹಾಡ್ಯಾಳಂತ ಗೊತ್ತಾದ್ರ ಯಾರು ಮುಂದ ಬರ್ತಾರ ಹೇಳು? ಬಾಯಿ ಮುಚ್ಚಿಕೊಂಡು ಇದ್ದುಬಿಡು.” ಅವ್ವನ ಫೋಟೋದ ಮೇಲೆ ಕೈ ಇಡಿಸಿ, ಗಂಡನ ಮನೆಯಲ್ಲಿ ಎಂದೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿದೆ. ಮರುವರ್ಷ ಬಂದ ಗಂಡು ಆ ತಟ್ಟೆಯನ್ನು ಪೂಜೆ ಮಾಡುವವನೇ ಆಗಿದ್ದ. ಆಗಲಾದರೂ ಆ ಆಣೆ ಬಿಡಿಸಬಹುದಿತ್ತಲ್ಲ ಅಕ್ಕಾ. “ರತ್ನಾಗ ಹಾಡಾಕ ಬರಂಗಿಲ್ಲರಿ” ಎಂದು ನೀನೇ ಅವರಿಗೆ ಹೇಳಿದೆ. ಹೋಗಲಿ, ನನ್ನ ಧ್ವನಿ ನನಗಿಂತ ಮೊದಲೇ ಈ ಮನೆ ಸೇರಿದೆ, ಒಂದು ದಿನ ಗುರುತು ಹಿಡಿದೇ ಹಿಡಿಯುತ್ತಾರೆ ಎಂದುಕೊಂಡು ಬಂದವಳು ನಾನು.

ಒಂಬತ್ತು ವರ್ಷದಿಂದ ಆ ಹಾಡನ್ನು ಬೈಯುವುದನ್ನೇ ಕೇಳುತ್ತಿದ್ದೇನೆ. ಅದರ ಹಿಂದಿನ ಹಾಡು ಮುಗಿಯುತ್ತಲೇ ನಮ್ಮವರು ಮುಳ್ಳು ಎತ್ತಿಬಿಡುತ್ತಾರೆ. ನಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ತುಂಬ ಗೀರುಗಳು. ಒಳಗಿನ ಆ ಒಂದು ಪಟ್ಟಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆ ಹೊಳೆಯುತ್ತದೆ. ಒರೆಸುವ ನೆಪದಲ್ಲಿ ನಾನು ಅದನ್ನೇ ನೋಡುತ್ತಿರುತ್ತೇನೆ. ಉಳಿದ ಹಾಡುಗಳಿಗೆ ನಾನು ದನಿಗೂಡಿಸಿದರೆ “ಲೇ, ಸುಮ್ನಿರೇ, ಮೇಡಂ ವಾಯ್ಸ್ ಕೇಳ್ಸಲ್ಲ” ಎನ್ನುತ್ತಾರೆ. ಅಂದ ಮೇಲೆ ನಾನು ಅಡುಗೆಮನೆಯಲ್ಲೂ ಬಾಯಿ ಬಿಡುವುದಿಲ್ಲ.

ಭಾನುವಾರ ಹನ್ನೊಂದು ಹಾಡು ಜಗಳವಿಲ್ಲದೆ ಆರಿಸಿದರು. ಹನ್ನೆರಡನೆಯದಕ್ಕೆ ‘ಸಂಜೆ ಆರರ ಸಿಗ್ನಲ್’ ಎಂದು ನಮ್ಮವರು ಹೇಳುತ್ತಿದ್ದಂತೆ ತಾಹೆರಾ ಕೈ ಎತ್ತಿದಳು. ಸಂಜಯನಗರದಲ್ಲಿರುತ್ತಾಳೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಸಂಘದಲ್ಲಿ ಇರುವ ಒಬ್ಬಳೇ ಹೆಂಗಸು. “ಕಿಟಕಿ ಹಾಡು ಇರ್ಲಿ ಸರ್. ಜನ ಅದನ್ನ ಸರಿಯಾಗಿ ಕೇಳೇ ಇಲ್ಲ,” ಎಂದಳು.

ನಾನು ಚಹಾದ ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ನಿಂತೆ. ಮೊದಲ ಸಲ ಯಾರೋ ಅದರ ಪರವಾಗಿ ಮಾತೆತ್ತಿದ್ದರು.

“ಏನ್ ಮೇಡಂ, ಅದ್ರಲ್ಲಿ ಅವ್ರ ವಾಯ್ಸೇ ಇಲ್ವಲ್ರೀ,” ಎಂದರು ನಮ್ಮವರು. “ಸುಸ್ತಾಗಿ ಹಾಡವ್ರೆ. ಎರಡನೇ ಚರಣದಲ್ಲಿ ಪದದ ಮಧ್ಯೆ ಉಸಿರು ತಗೊಂಡಿದಾರೆ. ಕಣ್ಣು ಮುಚ್ಚಿ ಒಂದು ಉಸಿರು ಕೇಳ್ಸಿ ಸಾಕು, ಮೇಡಂ ಯಾವ ವರ್ಷ ಹಾಡಿದ್ದು ಅಂತ ಹೇಳ್ಬಿಡ್ತೀನಿ ನಾನು. ಅದು ಅವ್ರ ಫೇಲ್ ಆದ ಹಾಡು.”

ಮಾಕಳಿಯ ಚಿಕ್ಕಹನುಮಯ್ಯನವರು, ರಾಗಿ ಹೊಲದ ನಡುವೆ ರೇಡಿಯೋಗ್ರಾಮ್ ಇಟ್ಟುಕೊಂಡಿರುವ ಮನುಷ್ಯ, ತಾಹೆರಾಳ ಕಡೆ ಸೇರಿ ನಮ್ಮವರನ್ನು ಕೇಳಿದರು. “ಇಂಗಂದ್ರೆ ಎಂಗೆ ಸೇಕರಪ್ಪನೋರೆ? ಆ ಆಡಲ್ಲಿ ಬಳೆ ಸದ್ದು ಬತ್ತದಲ್ಲ, ಗಲ್ ಅಂತ, ಎರಡು ಕಿತ. ಅಂತಾ ಐಡಿಯಾ ಯಾವ ಮೇಷ್ಟ್ರಿಗೆ ಒಳೀತದೆ ಯೋಳಿ.”

ಅದರ ಮೇಲೆ ಕಾಲು ಗಂಟೆ ವಾದ. ಅದು ಬಳೆಯಲ್ಲ, ಗೆಜ್ಜೆ ಎಂದು ಒಬ್ಬರು. ಕಿಟಕಿಯ ಸರಪಳಿ, ಹಾಡಿನ ಅರ್ಥಕ್ಕೆ ಬೇಕೆಂದೇ ಹಾಕಿದ್ದು ಎಂದು ಇನ್ನೊಬ್ಬರು. ನೀಲಕ್ಕಾ, ಅವು ನಿನ್ನ ಬಳೆ. ತಂಗಿಯನ್ನು ಒಬ್ಬಳನ್ನೇ ಸ್ಟುಡಿಯೋದ ಗಾಜಿನ ಕೋಣೆಗೆ ಬಿಡಲಾರೆ ಎಂದು ನೀನು ಮೂಲೆಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಿದ್ದೆಯಲ್ಲ, ಸೆರಗು ಸರಿಮಾಡಿಕೊಂಡಾಗ ಎರಡು ಸಲ ಆದ ಸದ್ದು ಅದು. ನಾನು ಬೆಚ್ಚಿ ಪದದ ಮಧ್ಯೆ ಉಸಿರು ತೆಗೆದುಕೊಂಡದ್ದೂ ಅದಕ್ಕೇ. ನಿನ್ನ ಬಳೆಗೆ ಹೊಗಳಿಕೆ, ನನ್ನ ಉಸಿರಿಗೆ ಬೈಗುಳ. ನಗು ಬಂತು, ನಗಲಿಲ್ಲ.

ತಾಹೆರಾ ಹೇಳಿದ ಮಾತು ಮಾತ್ರ ಬೇರೆ. “ಬಳೆ ಬಿಡಿ ಸರ್. ಉಳಿದ ಹಾಡುಗಳಲ್ಲಿ ಮೇಡಂಗೆ ಜನ ಕೇಳ್ತಾರೆ ಅನ್ನೋ ಧೈರ್ಯ ಇದೆ. ಇದರಲ್ಲಿ ಆ ಧೈರ್ಯ ಇಲ್ಲ. ಯಾರೋ ನಿಜವಾಗ್ಲೂ ಕಿಟಕಿ ಹತ್ರ ಕೂತು, ಯಾರಿಗೂ ಕೇಳಿಸಬಾರದು ಅಂತ ಹಾಡ್ತಿದಾರೆ ಅನ್ಸತ್ತೆ.” ಹಾಗೆಂದು ನನ್ನ ಕಡೆ ತಿರುಗಿದಳು. “ರತ್ನಾ, ನೀವು ಹೇಳಿ. ಇಷ್ಟು ವರ್ಷದಿಂದ ಕೇಳ್ತಿದ್ದೀರಲ್ಲ.”

ಏಳು ಜನ ನನ್ನನ್ನೇ ನೋಡಿದರು. “ಆ ಹಾಡು ಇರಲಿ,” ಎಂದೆ.

“ಯಾಕೆ ಅಂತ ಹೇಳು,” ಎಂದರು ನಮ್ಮವರು. ಸಂಘದ ನಿಯಮ ಅದು. ಸುಮ್ಮನೆ ಇಷ್ಟ ಎಂದರೆ ಆಗುವುದಿಲ್ಲ, ಕಾರಣ ಹೇಳಬೇಕು, ಅದು ಪುಸ್ತಕದಲ್ಲಿ ಏರಬೇಕು. ಕಾರಣ ನಾಲಿಗೆಯ ತುದಿಯಲ್ಲಿತ್ತು ಅಕ್ಕಾ. ಅವ್ವನ ಫೋಟೋ ಎದುರಿನ ಗೋಡೆಯಲ್ಲೇ ಇದೆ, ನೀನೇ ಕಟ್ಟು ಹಾಕಿಸಿ ಕೊಟ್ಟದ್ದು. ಏನು ಹೇಳಬೇಕೋ ತೋಚದೆ, “ಬಳೆ ಸದ್ದು ಚೆನ್ನಾಗಿದೆ,” ಎಂದುಬಿಟ್ಟೆ. ಎಲ್ಲರೂ ನಕ್ಕರು. “ನೋಡಿದ್ರಾ, ಹೆಂಗಸರ ಕಿವಿಗೆ ಬಳೇನೇ ಕೇಳ್ಸೋದು,” ಎಂದು ನಮ್ಮವರು ಇನ್ನೂ ಸ್ವಲ್ಪ ನಕ್ಕರು. ತಾಹೆರಾ ನಗಲಿಲ್ಲ.

ಕೈ ಎತ್ತಿಸಿದರು. ಆ ಕಡೆ ಮೂರು, ಈ ಕಡೆ ಮೂರು. ಕೊನೆಯ ಕೈ ಅಧ್ಯಕ್ಷರದು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

ಆಮೇಲೆ ಪುಸ್ತಕ ನನ್ನ ಮುಂದೆ ಬಂತು. ಅವರು ಹೇಳಿದರು, ನಾನು ಬರೆದೆ: “ಕಿಟಕಿಯ ಹತ್ತಿರ ಕೂತವಳು ಎಂಬ ಗೀತೆಯನ್ನು ಗಾಯಕಿಯ ಧ್ವನಿ ದುರ್ಬಲವಾಗಿರುವ ಕಾರಣ ಕೈಬಿಡಲಾಯಿತು.” ದುಂಡು ಅಕ್ಷರದಲ್ಲಿ ಬರೆದೆ. ದುರ್ಬಲ ಎಂಬ ಪದದಲ್ಲಿ ಶಾಯಿ ಸ್ವಲ್ಪ ಹರಡಿದೆ, ಅಷ್ಟೇ. ಸೋಮವಾರ ಪಟ್ಟಿ ಕಂಪನಿಗೆ ಹೋಯಿತು.

ನಿನ್ನ ಮೇಲೆ ನನಗೆ ಸಿಟ್ಟಿದೆ ನೀಲಕ್ಕಾ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ನೀನು, ಊಟ ಬಟ್ಟೆಗೆ ಕಡಿಮೆ ಮಾಡಲಿಲ್ಲ, ಒಳ್ಳೆಯ ಮನೆ ನೋಡಿ ಕೊಟ್ಟೆ. ಅದೆಲ್ಲ ಒಪ್ಪುತ್ತೇನೆ. ಆದರೂ ಸಿಟ್ಟಿದೆ, ಇವತ್ತು ಮುಚ್ಚಿಡಲು ಮನಸ್ಸಿಲ್ಲ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಮಗಳನ್ನು ಧಾರವಾಡಕ್ಕೆ ಕಳಿಸು. ನೀನೂ ಜೊತೆಗೆ ಹೋಗು, ಬಳೆ ತೆಗೆದಿಟ್ಟು ಹೋಗು. ಹಾಡು ಮುಗಿದ ಮೇಲೆ ಅವಳ ಹೆಸರನ್ನು, ಅಪ್ಪನ ಹೆಸರಿನ ಸಮೇತ, ರೇಡಿಯೋದವರು ಹೇಳುತ್ತಾರೋ ಇಲ್ಲವೋ ಮೊದಲೇ ಕೇಳಿಕೋ. ಹೇಳುವುದಿಲ್ಲ ಎಂದರೆ ಎಬ್ಬಿಸಿಕೊಂಡು ಬಾ. ನಾಳೆ ಅವಳನ್ನು ನೋಡಲು ಬರುವ ಗಂಡಿಗೆ ಮೊದಲು ಅವಳ ಹಾಡು ಕೇಳಿಸು, ಆಮೇಲೆ ಅವಲಕ್ಕಿ ಕೊಡು.

ಭಾವನವರಿಗೆ ನಮಸ್ಕಾರ. ಮಗಳಿಗೆ ಚಿಕ್ಕವ್ವನ ಆಶೀರ್ವಾದ, ಅವಳ ಧ್ವನಿ ಅವಳ ಹೆಸರಲ್ಲೇ ನೂರು ವರ್ಷ ಬಾಳಲಿ. ದೀಪಾವಳಿಗೆ ನಾವು ಬರುವುದಿಲ್ಲ, ಇವರಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕಿಲ್ಲ. ನೀವೆಲ್ಲ ಎಣ್ಣೆ ಹಚ್ಚಿಕೊಂಡು ಹಬ್ಬ ಚೆನ್ನಾಗಿ ಮಾಡಿ.

ನಿನ್ನ ತಂಗಿ,
ರತ್ನವ್ವ

ತಾ.ಕ.: ಒಂದು ಸಂಗತಿ ಬರೆಯಬಾರದೆಂದು ಬಿಟ್ಟಿದ್ದೆ. ಕವರು ಅಂಟಿಸುವ ಮೊದಲು ಬರೆದೇ ಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಅವರು ಹಿತ್ತಲ ಬಾಗಿಲಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಕೆರೆಯುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಿದ್ದೆ. ಪಟ್ಟಿಯ ಕವರು ಇನ್ನೂ ಅವರ ಶರ್ಟಿನ ಜೇಬಿನಲ್ಲೇ ಇತ್ತು. ಹೇಳುವುದಿಲ್ಲ ಎಂದು ಆಣೆ ಮಾಡಿದ್ದೆ, ಹಾಡುವುದಿಲ್ಲ ಎಂದು ಮಾಡಿರಲಿಲ್ಲವಲ್ಲ. ಕಿಟಕಿ ಹಾಡನ್ನು ಪಲ್ಲವಿಯಿಂದ ಹಿಡಿದು ಪೂರ್ತಿ ಹಾಡಿದೆ. ಎರಡನೇ ಚರಣ ಬಂದಾಗ ಅದೇ ಪದದ ಮಧ್ಯೆ ಉಸಿರು ತೆಗೆದುಕೊಂಡೆ, ಬೇಕೆಂದು ಮಾಡಿದ್ದಲ್ಲ. ಅವರ ರೇಜರು ನಿಂತಿತು. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಒಳಗೆ ಬಂದರು, ನನ್ನನ್ನೇ ನೋಡಿದರು. ಒಂಬತ್ತು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡೆ. “ಪರವಾಗಿಲ್ವೇ, ಚೆನ್ನಾಗೇ ಕಾಪಿ ಹೊಡೀತೀಯ,” ಎಂದರು. “ಮೇಡಂ ಮಾಡಿರೋ ತಪ್ಪನ್ನೂ ಹಂಗೇ ಹಿಡಿದಿದೀಯ. ಆದ್ರೆ ಎಷ್ಟಾದ್ರೂ ಒರಿಜಿನಲ್ ಒರಿಜಿನಲ್ಲೇ ಬಿಡು.” ರೊಟ್ಟಿ ಹಾಕಿಕೊಟ್ಟೆ, ಉಂಡು ಎದ್ದು ಹೋದರು, ದಾರಿಯಲ್ಲಿ ಕವರು ಡಬ್ಬಿಗೆ ಹಾಕಿದರು. ನಿನ್ನ ಆಣೆಯನ್ನು ನಾನು ಮುರಿದಿಲ್ಲ ನೀಲಕ್ಕಾ. ಇನ್ನು ಮುರಿದರೂ ನಂಬುವವರಿಲ್ಲ.