ಸೇವಂತಿಗೆ ಆಗದವಳಿಗೆ ಕೊಟ್ಟ ಕಷಾಯ

ಚಾಮರಾಜನಗರ
೧೪-೨-೧೯೯೬

ಓರಗಿತ್ತಿ ಮಲ್ಲಾಜಮ್ಮನಿಗೆ ಪುಟ್ಟಮಲ್ಲಮ್ಮನ ಶರಣು.

ಗುಂಡ್ಲುಪೇಟೆಯಿಂದ ನಿನ್ನ ಮಗಳ ಲಗ್ನಪತ್ರಿಕೆ ತಲುಪಿತು. ನನ್ನ ಮಗಳು ಶಿವರಂಜನಿಯನ್ನು ನೋಡಲು ಬಂದಿದ್ದ ಸೋಮಶೇಖರನೇ ನಿನಗೆ ಅಳಿಯನಾಗುತ್ತಿದ್ದಾನೆ. ಸಂತೋಷ.

ಹೆಣ್ಣು ನೋಡುವ ದಿನ ಬೆಳಿಗ್ಗೆ ನೀನು ಊಟಿಯಿಂದ ತಂದ ಡ್ಯಾಂಡೆಲಿಯನ್ ಗಿಡದ ಬೇರಿನ ಪುಡಿ ಕುದಿಸಿ, ‘ಕುಡಿ ಕಣಮ್ಮಿ, ಪಿತ್ತ ಇಳ್ದು ಮೊಕ ಒಳೀತದೆ’ ಎಂದು ಅವಳಿಗೆ ಕೈಯಾರೆ ಕುಡಿಸಿದೆ. ಗಂಡಿನವರು ಬರುವ ಹೊತ್ತಿಗೆ ತುಟಿ, ರೆಪ್ಪೆ ಊದಿ ಅವಳ ಕಣ್ಣೇ ಮುಚ್ಚಿಹೋಗಿತ್ತು. ನಾನು ಇಂಜೆಕ್ಷನ್ ಕೊಡಿಸಲು ಆಸ್ಪತ್ರೆಗೆ ಓಡಿದೆ. ನೀನು ಇತ್ತ ಗಂಡಿನ ತಾಯಿ ರಾಚಮ್ಮನಿಗೆ, ‘ಈ ಮಗೀಗೆ ಸಣ್ಣದ್ರಿಂದ್ಲೂ ಇಂಗೇ ಕಣಕ್ಕಾ, ಮೈಯೆಲ್ಲಾ ಕಾಯ್ಲೆ’ ಎಂದೆಯಂತೆ.

ಡಾಕ್ಟರು ಬೇರನ್ನು ಬೈಯಲಿಲ್ಲ. ಹಸಿವಿಗೆ, ಮೂತ್ರ ಸಲೀಸಾಗಲು ಕೆಲವರು ಕುಡಿಯುತ್ತಾರಂತೆ. ಪಿತ್ತಕೋಶದಲ್ಲಿ ಕಲ್ಲಿರುವವರು, ಮೂತ್ರದ ಮಾತ್ರೆ ನುಂಗುವವರು ಕೇಳದೆ ಮುಟ್ಟಬಾರದು. ಸೇವಂತಿಗೆ ಆಗದವರಿಗಂತೂ ಬೇಡವೇ ಬೇಡ, ಎರಡೂ ಒಂದೇ ಕುಲದ ಗಿಡ ಎಂದರು. ಹೋದ ವರ್ಷ ನಿನ್ನ ಹೊಲದಲ್ಲಿ ಸೇವಂತಿಗೆ ಬಿಡಿಸಿ ಇವಳ ಮುಖ ಊದಿದಾಗ ತಣ್ಣೀರು ಪಟ್ಟಿ ಹಾಕಿದವಳು ನೀನೇ. ಆದರೂ ತಿಳಿಯದೆ ಮಾಡಿದೆಯೇನೋ ಎಂದು ನಾನೇ ಊಟಿಯ ಆ ಅಂಗಡಿಗೆ ಹೋಗಿ ವಿಚಾರಿಸಿದೆ. ಸೇವಂತಿಗೆ ಆಗದವರಿಗೆ ಕೊಡಬೇಡಿ ಎಂದು ಅಂಗಡಿಯವನು ನಿನಗೆ ಎರಡೆರಡು ಸಲ ಹೇಳಿದ್ದನಂತೆ.

ಸೋಮವಾರ ಗಂಡಿನ ಊರು ಸಂತೆಮರಹಳ್ಳಿಗೆ ಹೋಗಿ ಶಿವರಂಜನಿಯನ್ನು ರಾಚಮ್ಮನ ಎದುರು ಕೂರಿಸಿ ಎಲ್ಲವನ್ನೂ ಹೇಳಿದೆ. ‘ತಪ್ಪಾಯ್ತು ಕಣಕ್ಕಾ, ನಿಮ್ಮೆಣ್ಣೇ ಕೊಡಿ, ಆ ಕಡೆಗೆ ಬ್ಯಾಡ ಅಂತ ಏಳ್ಬುಡ್ತೀನಿ’ ಎಂದು ಅವಳು ನನ್ನ ಕೈ ಹಿಡಿದಳು. ಚಾಡಿಗೆ ಕಿವಿಗೊಟ್ಟ ಮನೆಗೆ ನನ್ನ ಹೆಣ್ಣಿಲ್ಲ ಎಂದೆ. ನಿನ್ನ ಮಗಳ ಮದುವೆ ನಿಲ್ಲಿಸಬಾರದೆಂದು ಮಾತು ತೆಗೆದುಕೊಂಡೇ ಎದ್ದೆ.

ಮದುವೆ ನಡೆಯಲಿ. ನಿನ್ನ ಮಗಳು ಕಾಫಿ ಲೋಟ ನೀಡಿದಾಗಲೆಲ್ಲ ಅತ್ತೆ ಮೂಸಿ ನೋಡಿ, ‘ಇದ್ಕೇನಾಕಿದ್ದೀಯಮ್ಮಿ, ನಿಮ್ಮವ್ವನ ಪುಡಿಯಾ?’ ಎಂದು ಕೇಳಲಿ. ಅವಳು ತವರಿಗೆ ಬಂದು ನಿನ್ನ ಮುಂದೆ ಅಳಲಿ. ನೀನು ಏನು ಸಮಾಧಾನ ಹೇಳುತ್ತೀಯೋ ನೋಡೋಣ. ಧಾರೆಗೆ ನಾನು ಬರುತ್ತೇನೆ, ಮುಂದೆಯೇ ಕೂರುತ್ತೇನೆ.

ಇಂತಿ,
ನಮ್ಮ ಮನೆತನದ ಹಿರಿಸೊಸೆ
ಪುಟ್ಟಮಲ್ಲಮ್ಮ

ಪುನಶ್ಚ: ಸಂತೆಮರಹಳ್ಳಿಯಿಂದ ಬಂದ ಮೇಲೆ ಶಿವರಂಜನಿ ಊಟಕ್ಕೆ ಎದ್ದಿಲ್ಲ. ‘ಬ್ಯಾಡ ಅನ್ನಕ್ಕೆ ಮುಂಚೆ ನನ್ನೊಂದ್ಮಾತು ಕೇಳ್ಬಾರ್ದಿತ್ತಾ ಅವ್ವಾ’ ಎಂದಳು, ಅಷ್ಟೇ. ಫೋಟೋ ನೋಡಿದಾಗಲೇ ಆ ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದನಂತೆ. ಇದಕ್ಕೂ ನೀನೇ ಹೊಣೆ. ನಾನಲ್ಲ.